ಆನೆಗೊಂದಿಯ ಸೇತುವೆಯಿಂದ ಅಂಜನಾದ್ರಿಯ ರೋಪ್‌ವೇವರೆಗೆ: ಹಂಪಿ ಸೀಮೆಯಲ್ಲಿ ಕಾಮಗಾರಿಗೆ ಗೆರೆ ಎಳೆಯುವವರು ಯಾರು, ಯಾವಾಗ?

ಪ್ರಶ್ನೆ
ಬರೆದವರು: ಗಂಗಾವತಿ ಸೀಮೆಯವನು

ಅಂಜನಾದ್ರಿ ಬೆಟ್ಟದ ಅಭಿವೃದ್ಧಿಗೆಂದು 2022ರ ರಾಜ್ಯ ಬಜೆಟ್‌ನಲ್ಲಿ 100 ಕೋಟಿ ರೂಪಾಯಿ ಘೋಷಣೆಯಾದಾಗಿನಿಂದ ನಮ್ಮ ಭಾಗದ ಯಾವ ಕಟ್ಟೆಯ ಮೇಲೆ ಕೂತರೂ ಮಾತು ರೋಪ್‌ವೇ, ವಾಹನ ನಿಲುಗಡೆ, ಯಾತ್ರಿನಿವಾಸ, ರಸ್ತೆ ಅಗಲೀಕರಣ ಇವುಗಳ ಸುತ್ತಲೇ ತಿರುಗುತ್ತದೆ. ಬೆಟ್ಟಕ್ಕೆ 575 ಮೆಟ್ಟಿಲುಗಳಿದ್ದು, ವಯಸ್ಸಾದವರಿಗೆ ಹತ್ತಲಾಗುವುದಿಲ್ಲ ಎನ್ನುವುದು ನಿಜ. ಹನುಮಮಾಲೆ ವಿಸರ್ಜನೆಯ ದಿನಗಳಲ್ಲಿ ಗದ್ದೆಗಳ ನಡುವಿನ ಕಿರಿದಾದ ರಸ್ತೆಯಲ್ಲಿ ವಾಹನಗಳು ಅಲುಗಾಡದೆ ನಿಲ್ಲುತ್ತವೆ ಎನ್ನುವುದೂ ನಿಜ. ಆದರೆ ಇದೇ ಬೆಟ್ಟ, ಇದೇ ಬತ್ತದ ಗದ್ದೆ, ಇದೇ ಬಂಡೆಗಳ ಸಾಲು ಹಂಪಿ ವಿಶ್ವ ಪಾರಂಪರಿಕ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯೊಳಗೆ ಬರುವುದರಿಂದ, ಏನು ಮಾಡಹೊರಟರೂ ಯಾವುದೋ ಒಂದು ಕಾಯಿದೆ ಅಡ್ಡ ಬರುತ್ತದೆ ಎಂಬ ಅಸಮಾಧಾನ ಊರಿನಲ್ಲಿದೆ.

ಊರು ಈಗ ಎರಡು ಪಾಲಾಗಿದೆ. ಹಂಪಿಯ ಕಲ್ಲುಗಳ ಹೆಸರಿನಲ್ಲಿ ನಮ್ಮನ್ನು ಒಂದು ತಲೆಮಾರಿನ ಕಾಲ ಸೇತುವೆ ಇಲ್ಲದೆ ಕೂರಿಸಿದ್ದಾಯಿತು, ಇನ್ನು ಸಾಕು ಎನ್ನುವವರು ಒಂದು ಕಡೆ. ಹಣ ಬಂದಂತೆಲ್ಲ ಕಾಂಕ್ರೀಟು ಬಂದು, ಕೊನೆಗೆ ಜನ ಯಾವುದನ್ನು ನೋಡಲು ಬರುತ್ತಾರೋ ಅದೇ ಉಳಿಯುವುದಿಲ್ಲ ಎನ್ನುವವರು ಇನ್ನೊಂದು ಕಡೆ. ನಾನು ಇಬ್ಬರ ಮಾತಿಗೂ ತಲೆಯಾಡಿಸುವ ಸ್ಥಿತಿಯಲ್ಲಿದ್ದೇನೆ.

ಬಲ್ಲವರಲ್ಲಿ ನನ್ನ ಕೇಳಿಕೆ ಇಷ್ಟು. ತುಂಗಭದ್ರಾ ಹೊಳೆಗೆ ಕಟ್ಟಹೊರಟು ನಿಂತುಹೋದ ಆನೆಗೊಂದಿ ಸೇತುವೆಯ ವಿಚಾರದಲ್ಲಿ ನಿಜವಾಗಿ ತಪ್ಪಿದ್ದು ಎಲ್ಲಿ? ಸೇತುವೆ ಬೇಕೆಂದದ್ದೇ ತಪ್ಪೇ, ತಡೆದದ್ದು ತಪ್ಪೇ? ಆ ಅನುಭವದಿಂದ ಈಗಿನ ಅಂಜನಾದ್ರಿ ಕಾಮಗಾರಿಗಳಿಗೆ ಏನಾದರೂ ಪಾಠ ಸಿಗುತ್ತದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಊರಿನವರು ತಮ್ಮ ಮಾತನ್ನು ಯಾವ ಹಂತದಲ್ಲಿ, ಯಾರ ಮುಂದೆ ಹೇಳಬಹುದು?

---

ಉತ್ತರ 1
ಬರೆದವರು: ಕಮಲಾಪುರದ ಹಳೆಯ ಮೇಷ್ಟ್ರು

ಹಂಪಿಯ ಸ್ಮಾರಕಗಳ ಸಮೂಹ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. ಆಗ ಪಟ್ಟಿ ಸಿದ್ಧಪಡಿಸಿದವರ ಕಣ್ಣಿಗೆ ಬಿದ್ದದ್ದು ಮುಖ್ಯವಾಗಿ ದೇವಾಲಯ, ಮಂಟಪ, ಕೋಟೆಗಳು. ಅವುಗಳ ನಡುವೆ ಹರಿಯುವ ಹೊಳೆ, ಇಂದಿಗೂ ನೀರುಣಿಸುವ ತುರ್ತು ಕಾಲುವೆಯಂಥ ವಿಜಯನಗರ ಕಾಲದ ಕಾಲುವೆಗಳು, ಆ ನೀರನ್ನೇ ನಂಬಿ ಬಾಳೆ, ಕಬ್ಬು, ಬತ್ತ ಬೆಳೆಯುವ ಊರುಗಳು ಎಲ್ಲವೂ ಸೇರಿಯೇ ಹಂಪಿ ಎಂಬ ತಿಳಿವಳಿಕೆ ಸರ್ಕಾರಿ ಕಡತಗಳಿಗೆ ಬಂದದ್ದು ಬಹಳ ತಡವಾಗಿ. ಸೇತುವೆಯ ಗೊಂದಲ ಹುಟ್ಟಿದ್ದೇ ಈ ಅಂತರದಲ್ಲಿ.

1990ರ ದಶಕದಲ್ಲಿ ಎರಡು ಸೇತುವೆಗಳ ಕೆಲಸ ಆರಂಭವಾಯಿತು. ತಳವಾರಘಟ್ಟದಿಂದ ಆನೆಗೊಂದಿಗೆ ವಾಹನಗಳ ಸೇತುವೆ. ವಿರೂಪಾಕ್ಷ ದೇವಸ್ಥಾನದ ಸಮೀಪದಿಂದ ಹೊಳೆಯಾಚೆಯ ವಿರೂಪಾಪುರ ಗಡ್ಡೆಗೆ ಕಾಲ್ನಡಿಗೆಯ ತೂಗುಸೇತುವೆ. ಈ ಎರಡರ ಕಾರಣದಿಂದಲೇ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಮುಂದೆ ತೂಗುಸೇತುವೆಯನ್ನು ಬಿಚ್ಚಲಾಯಿತು. ಭಾರೀ ವಾಹನಗಳನ್ನು ಬೇರೆ ದಾರಿಯಲ್ಲಿ ಹೊರಗಿನಿಂದ ಕಳುಹಿಸುವ ಭರವಸೆ, 2002ರ ಪ್ರಾಧಿಕಾರ ಕಾಯಿದೆ ಇವೆಲ್ಲವುಗಳ ನಂತರ 2006ರಲ್ಲಿ ಆ ಪಟ್ಟಿಯಿಂದ ಹಂಪಿಯನ್ನು ಕೈಬಿಡಲಾಯಿತು. ವಾಹನ ಸೇತುವೆಯ ಕೆಲಸ ಮತ್ತೆ ಶುರುವಾಯಿತು. 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಅದು ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಹೀಗೆ ಒಂದು ದಶಕದ ಜಗಳದ ಕೊನೆಗೆ ಸೇತುವೆಯೂ ಉಳಿಯಲಿಲ್ಲ, ಯಾರ ವಾದ ಸರಿ ಎಂಬ ತೀರ್ಮಾನವೂ ಆಗಲಿಲ್ಲ.

ತಡೆದದ್ದು ತಪ್ಪೇ ಎಂದು ಕೇಳಿದ್ದೀರಿ. ಕಮಲಾಪುರದಿಂದ ಹೊಳೆಯ ಕಡೆಗೆ ಹೋಗುವ ರಸ್ತೆ ತಳವಾರಘಟ್ಟದ ಕೋಟೆಬಾಗಿಲಿನ ಒಳಗಿಂದಲೇ ಹಾದುಹೋಗುತ್ತದೆ. ಗಾರೆಯಿಲ್ಲದೆ, ಒಂದರ ಭಾರವನ್ನು ಇನ್ನೊಂದು ಹೊತ್ತು ನಿಂತಿರುವ ಕಣಶಿಲೆಯ ದಪ್ಪ ಕಲ್ಲುಗಳ ಬಾಗಿಲು ಅದು. ಅದರ ನಡುವೆ ಹೊಸಪೇಟೆ, ಗಂಗಾವತಿಗಳ ನಡುವಿನ ಲಾರಿಗಳೆಲ್ಲ ಹಗಲೂ ರಾತ್ರಿ ಓಡಾಡುವ ಚಿತ್ರವನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಗಣಿಗಾರಿಕೆಯ ಭರಾಟೆಯ ಆ ವರ್ಷಗಳಲ್ಲಿ ಈ ಭಾಗದ ರಸ್ತೆಗಳು ಹೇಗಿದ್ದವೆಂಬುದು ನಿಮಗೂ ಗೊತ್ತು. ಬಾಗಿಲು ಅಡ್ಡ ಎಂದು ಅದನ್ನೇ ಕೆಡವುವ ಮಾತೂ ತಡವಾಗದೆ ಬರುತ್ತಿತ್ತು. ಆದ್ದರಿಂದ ಆ ಜಾಗದಲ್ಲಿ, ಆ ಗಾತ್ರದ ಸೇತುವೆಯನ್ನು ತಡೆದದ್ದು ಸರಿ ಎಂಬುದೇ ನನ್ನ ಅಭಿಪ್ರಾಯ.

ಹೊಳೆಗೆ ಸೇತುವೆಯೇ ಅಪಚಾರ ಎನ್ನುವವರ ಜೊತೆಗೆ ಮಾತ್ರ ನಾನಿಲ್ಲ. ವಿಜಯ ವಿಠ್ಠಲ ದೇವಸ್ಥಾನದಿಂದ ತುಸು ದೂರದಲ್ಲಿ, ನೀರು ಇಳಿದಾಗ ಹೊಳೆಯಲ್ಲಿ ಕಾಣುವ ಕಲ್ಲಿನ ಕಂಬಗಳ ಸಾಲು ವಿಜಯನಗರದವರೇ ಕಟ್ಟಿದ ಸೇತುವೆಯ ಅವಶೇಷ. ದಾಟುವ ಅಗತ್ಯ ಅವರಿಗೂ ಇತ್ತು.

---

ಉತ್ತರ 2
ಬರೆದವರು: ಕಡ್ಡಿರಾಂಪುರದಿಂದ

ಮೇಷ್ಟ್ರ ಮಾತನ್ನು ಗೌರವಿಸುತ್ತಲೇ ಒಂದು ಮಾತು ಸೇರಿಸಬೇಕಾಗಿದೆ. ಪರಂಪರೆಯ ರಕ್ಷಣೆ ಎಂಬ ಮಾತು ಕೇಳಿದಾಗ ಹೊರಗಿನವರ ಕಣ್ಣಮುಂದೆ ಕಲ್ಲಿನ ರಥ ಬರುತ್ತದೆ. ನಮ್ಮಂಥವರ ಕಣ್ಣಮುಂದೆ 2011ರ ಜುಲೈ ತಿಂಗಳಲ್ಲಿ ಹಂಪಿ ಬಜಾರಿಗೆ ಬಂದ ಜೆಸಿಬಿಗಳು ಬರುತ್ತವೆ. ವಿರೂಪಾಕ್ಷನ ರಥಬೀದಿಯ ಎರಡೂ ಬದಿಯ ಸಾಲುಮಂಟಪಗಳ ಕಂಬಗಳ ನಡುವೆ ಗೋಡೆ ಎಬ್ಬಿಸಿಕೊಂಡು ಬದುಕುತ್ತಿದ್ದ ಕುಟುಂಬಗಳನ್ನು ಎಬ್ಬಿಸಿ, ಅಂಗಡಿ ಮನೆಗಳನ್ನು ಒಡೆದು, ಮುಂದೆ ಕಡ್ಡಿರಾಂಪುರದಲ್ಲಿ ನಿವೇಶನ ಕೊಡಲಾಯಿತು. ಮಂಟಪಗಳಿಗೆ ಧಕ್ಕೆಯಾಗಿತ್ತು ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತೇರಿನ ಹಗ್ಗ ಹಿಡಿದವರು, ಯಾತ್ರಿಕರಿಗೆ ಹೂವು, ಕಾಯಿ, ಊಟ ಒದಗಿಸಿದವರು ಆ ಬೀದಿಯ ಪರಂಪರೆಗೆ ಸೇರಿದವರಲ್ಲವೇ? ಬಜಾರು ಎಂದು ಹೆಸರಿಟ್ಟುಕೊಂಡ ಬೀದಿಯಲ್ಲಿ ವ್ಯಾಪಾರವೇ ಇಲ್ಲದಂತೆ ಮಾಡಿ ಅದನ್ನು ಸಂರಕ್ಷಣೆ ಎಂದು ಕರೆದದ್ದು ನನಗೆ ಇಂದಿಗೂ ಒಗ್ಗಿಲ್ಲ.

ಆಚೆ ದಡದ ವಿರೂಪಾಪುರ ಗಡ್ಡೆಯಲ್ಲೂ ಕೊನೆ ಹೀಗೆಯೇ ಆಯಿತು. ಅಲ್ಲಿನ ರೆಸಾರ್ಟುಗಳು ತಲೆ ಎತ್ತಿ, ವರ್ಷಗಟ್ಟಲೆ ವ್ಯಾಪಾರ ನಡೆಸಿ, ಎಷ್ಟೋ ಹುಡುಗರಿಗೆ ಕೆಲಸ ಕೊಟ್ಟ ಮೇಲೆ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಮರುತಿಂಗಳೇ ಕಟ್ಟಡಗಳು ನೆಲಕ್ಕುರುಳಿದವು. ತೀರ್ಪಿಗೆ ಆಧಾರವಾದದ್ದು ಆ ಪ್ರದೇಶವನ್ನು ಸಂರಕ್ಷಿತವೆಂದು ಸಾರಿದ 1988ರ ಒಂದು ಅಧಿಸೂಚನೆ. ಅಕ್ರಮ ಕಟ್ಟಡಗಳ ಪರವಾಗಿ ನಾನು ವಾದಿಸುತ್ತಿಲ್ಲ. 1988ರಲ್ಲೇ ಎಳೆದ ಗೆರೆಯನ್ನು ಜನರಿಗೆ ತೋರಿಸಲು 32 ವರ್ಷ ಏಕೆ ಬೇಕಾಯಿತು ಎಂಬುದಷ್ಟೇ ನನ್ನ ಪ್ರಶ್ನೆ. ಮೊದಲ ಗುಡಿಸಲು ಎದ್ದ ದಿನವೇ ಬೇಡ ಎಂದಿದ್ದರೆ ಯಾರೂ ಸಾಲ ಮಾಡಿ ಹಣ ಹೂಡುತ್ತಿರಲಿಲ್ಲ. ಅಂಜನಾದ್ರಿಯ ಕೆಳಗೂ ಈಗ ಗದ್ದೆಗಳಲ್ಲಿ ಹೋಂಸ್ಟೇಗಳು ಏಳುತ್ತಿವೆ. ಅವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ನಾಳೆ ಬೀಳುತ್ತದೆ ಎಂಬುದನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಈಗಲೇ ನಕ್ಷೆ ಹಾಕಿ ತೋರಿಸಲಿ.

---

ಉತ್ತರ 3
ಬರೆದವರು: ರಸ್ತೆ-ಸೇತುವೆ ಇಂಜಿನಿಯರ್, ಹುಬ್ಬಳ್ಳಿ

ಕಾಮಗಾರಿಗಳ ಕಡೆಯಿಂದ ನೋಡುವವನಾಗಿ ನನ್ನ ಅನಿಸಿಕೆ ಹೇಳುತ್ತೇನೆ. ಇಂಥ ಪ್ರಕರಣಗಳಲ್ಲಿ ಅಭಿವೃದ್ಧಿಯೋ ಪರಂಪರೆಯೋ ಎಂಬ ಜಗಳ ಶುರುವಾಗುವ ಹೊತ್ತಿಗೆ ಮುಖ್ಯ ತೀರ್ಮಾನವೆಲ್ಲ ಮುಗಿದಿರುತ್ತದೆ. ದಾರಿ ಎಲ್ಲಿ ಹಾದುಹೋಗಬೇಕೆಂಬ ಗೆರೆಯನ್ನು ನಕ್ಷೆಯ ಮೇಲೆ ಎಳೆದು, ಅಂದಾಜುಪಟ್ಟಿ ತಯಾರಿಸಿ, ಟೆಂಡರು ಕರೆದು, ಗುತ್ತಿಗೆದಾರ ಸಾಮಾನು ಇಳಿಸಿದ ಮೇಲೆ ಪುರಾತತ್ವ ಇಲಾಖೆಯ ಅಭಿಪ್ರಾಯ ಕೇಳಿದರೆ ಆ ಇಲಾಖೆಗೆ ಉಳಿಯುವುದು ಒಪ್ಪಿಗೆ ಕೊಡುವ ಇಲ್ಲವೇ ಕೆಲಸ ನಿಲ್ಲಿಸುವ ದಾರಿ ಮಾತ್ರ. ಎರಡು ಮೈಲಿ ಆಚೆಗೆ ಹೋಗಿ ಎಂದು ಹೇಳುವ ಅವಕಾಶ ಮೊದಲ ವಾರದಲ್ಲಿತ್ತು. ಆಗ ಅವರನ್ನು ಯಾರೂ ಕೇಳಿರುವುದಿಲ್ಲ.

ಆನೆಗೊಂದಿ ಸೇತುವೆ ಇದಕ್ಕೆ ಒಳ್ಳೆಯ ಉದಾಹರಣೆ. ಹೊಳೆಯ ಕೆಳಭಾಗದಲ್ಲಿ ಬುಕ್ಕಸಾಗರ ಮತ್ತು ಕಡೆಬಾಗಿಲು ನಡುವೆ ಮುಂದೆ ಸೇತುವೆ ಬಂತು. ಹೊಸಪೇಟೆ, ಗಂಗಾವತಿಗಳ ನಡುವಿನ ಓಡಾಟ ಸುಲಭವಾಯಿತು. ತಳವಾರಘಟ್ಟದ ಬಾಗಿಲೂ ನಿಂತಿದೆ. ಅಂದರೆ ಎರಡೂ ಬೇಕೆನ್ನುವವರಿಗೆ ದಾರಿ ಇತ್ತು. ಆ ಪರ್ಯಾಯವನ್ನು ಮೊದಲೇ ಹುಡುಕಿದ್ದರೆ ಒಂದು ದಶಕ, ಸಾರ್ವಜನಿಕ ಹಣ, ಎಲ್ಲಕ್ಕಿಂತ ಮಿಗಿಲಾಗಿ ಮನುಷ್ಯರ ಜೀವಗಳು ಉಳಿಯುತ್ತಿದ್ದವು. ಸುತ್ತುದಾರಿ ಬಳಸಬೇಕಾದರೆ ಇಂಧನ, ಸಮಯ ಹೆಚ್ಚು ಖರ್ಚಾಗುತ್ತದೆ ಎಂಬ ಲೆಕ್ಕವನ್ನು ನಮ್ಮವರು ಬಹಳ ಚೆನ್ನಾಗಿ ಹಾಕುತ್ತಾರೆ. ಕೆಲಸ ನಿಂತು ಹೋದರೆ ಆಗುವ ನಷ್ಟದ ಲೆಕ್ಕ ಮಾತ್ರ ಯಾವ ಅಂದಾಜುಪಟ್ಟಿಯಲ್ಲೂ ಇರುವುದಿಲ್ಲ.

ಇದು ನಮ್ಮ ದೇಶದ ರೋಗ ಮಾತ್ರ ಎಂದು ಭಾವಿಸಬೇಡಿ. ಜರ್ಮನಿಯ ಡ್ರೆಸ್ಡೆನ್ ನಗರದ ಎಲ್ಬೆ ನದಿಕಣಿವೆ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಣಿವೆಯ ನಡುವೆ ನಾಲ್ಕು ಪಥಗಳ ಸೇತುವೆ ಕಟ್ಟುವ ಹಟದಿಂದಾಗಿ 2006ರಲ್ಲಿ ಅಪಾಯದ ಪಟ್ಟಿಗೆ ಇಳಿದು, 2009ರಲ್ಲಿ ಪಟ್ಟಿಯಿಂದಲೇ ಹೊರಬಿತ್ತು. ಅಲ್ಲಿನ ಜನ ಮತ ಹಾಕಿ ಸೇತುವೆ ಬೇಕೆಂದಿದ್ದರು ಎಂಬುದನ್ನೂ ಹೇಳಬೇಕು. ಪಟ್ಟಿಯ ಗೌರವ ಬೇಡ, ಸೇತುವೆಯೇ ಸಾಕು ಎಂದು ಒಂದು ಊರು ತಿಳಿದೂ ತಿಳಿದೂ ಆರಿಸಿಕೊಳ್ಳಬಹುದು. ನಮ್ಮಲ್ಲಿ ಹಾಗೆ ಆರಿಸಿಕೊಳ್ಳುವ ಅವಕಾಶ ಊರಿಗೆ ಸಿಗುವುದೇ ಇಲ್ಲ, ಅದು ಬೇರೆ ಮಾತು.

ಈಗ ರೋಪ್‌ವೇ ವಿಷಯ. ಇದರಲ್ಲಿ ಜನ ಕಂಬಗಳ ಬಗ್ಗೆ, ತಂತಿಯ ಬಗ್ಗೆ, ದೂರದಿಂದ ಬೆಟ್ಟ ಹೇಗೆ ಕಾಣುತ್ತದೆ ಎಂಬುದರ ಬಗ್ಗೆ ಮಾತಾಡುತ್ತಾರೆ. ಅವು ಮುಖ್ಯವೇ ಸರಿ; ವಿಠ್ಠಲ ದೇವಸ್ಥಾನದ ಕಡೆಯಿಂದ, ಮತಂಗ ಪರ್ವತದಿಂದ ನೋಡಿದಾಗ ಆ ಬಂಡೆಗಳ ಅಂಚಿನ ಗೆರೆಯೇ ಹಂಪಿಯ ನೋಟ. ಬಂಡೆ ಕೊರೆದು ಅಡಿಪಾಯ ಹಾಕುವಾಗ ಒಂದರ ಮೇಲೊಂದು ಆತು ನಿಂತ ಗುಂಡುಗಳ ಸಮತೋಲದ ಪ್ರಶ್ನೆಯೂ ಇದೆ. ಆದರೆ ನನ್ನನ್ನು ಹೆಚ್ಚು ಕಾಡುವುದು ತುದಿಯಲ್ಲಿರುವ ಜಾಗದ ಲೆಕ್ಕ. ಇಂದು 575 ಮೆಟ್ಟಿಲುಗಳು ಅಣೆಕಟ್ಟಿನ ಗೇಟಿನಂತೆ ಕೆಲಸ ಮಾಡುತ್ತಿವೆ: ಜನ ನಿಂತು, ಕೂತು, ದಣಿವಾರಿಸಿಕೊಂಡು ಬರುವುದರಿಂದ ಮೇಲಿನ ಚಿಕ್ಕ ದೇವಸ್ಥಾನದ ಅಂಗಳಕ್ಕೆ ಒಮ್ಮೆಲೇ ನೂಕು ಬೀಳುವುದಿಲ್ಲ. ರೋಪ್‌ವೇ ಬಂದರೆ ಗಂಟೆಗೆ ಎಷ್ಟು ಜನ ಮೇಲೆ ತಲುಪುತ್ತಾರೆ ಎಂಬುದನ್ನು ಯಂತ್ರ ನಿರ್ಧರಿಸುತ್ತದೆ. ಆ ಸಂಖ್ಯೆಗೆ ತಕ್ಕಂತೆ ಮೇಲೆ ನಿಲ್ಲುವ ಜಾಗ, ಶೌಚಾಲಯ, ನೀರು, ನೆರಳು ಬೇಕಾಗುತ್ತವೆ. ಅವುಗಳಿಗಾಗಿ ಬಂಡೆ ಸಮತಟ್ಟು ಮಾಡುವ ಇನ್ನೊಂದು ಟೆಂಡರು ಹುಟ್ಟುತ್ತದೆ. ಆದ್ದರಿಂದ ಬೆಟ್ಟದ ತುದಿಯಲ್ಲಿ ಒಂದು ಹೊತ್ತಿಗೆ ಎಷ್ಟು ಜನ ಸುರಕ್ಷಿತವಾಗಿ ನಿಲ್ಲಬಹುದು ಎಂಬುದನ್ನು ಮೊದಲು ನಿಗದಿಪಡಿಸಿ, ಉಳಿದದ್ದನ್ನು ಅದರಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ವಯಸ್ಸಾದವರು, ಅಂಗವಿಕಲರು ದರ್ಶನ ಮಾಡಬೇಕೆಂಬುದೇ ಉದ್ದೇಶವಾದರೆ ಅವರ ಸಂಖ್ಯೆಗೆ ಸಾಕಾಗುವಷ್ಟು ಸಣ್ಣ ವ್ಯವಸ್ಥೆ ಒಂದು ಬಗೆ; ಪ್ರವಾಸಿಗರ ಮೋಜಿನ ಸವಾರಿ ಇನ್ನೊಂದು ಬಗೆ. ಎರಡಕ್ಕೂ ಒಂದೇ ಹೆಸರಿಟ್ಟು ಕರೆಯುತ್ತಿರುವುದರಿಂದ ಚರ್ಚೆ ದಾರಿ ತಪ್ಪುತ್ತಿದೆ.

---

ಉತ್ತರ 4
ಬರೆದವರು: ಹೊಳೆದಂಡೆಯವಳು

ಇಲ್ಲಿಯವರೆಗಿನ ಮಾತುಗಳಲ್ಲಿ ಹೊಳೆ ಒಂದು ದಾಟಬೇಕಾದ ಅಡ್ಡಿಯಾಗಿ ಮಾತ್ರ ಬಂದಿದೆ. ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದೆ. ಹಂಪಿ, ಆನೆಗೊಂದಿಗಳ ಹೊಳೆ ಇದೇ ಭಾಗದಲ್ಲಿದೆ. ನೀರುನಾಯಿಗಳು ಮರಿ ಹಾಕುವುದು, ಬಿಸಿಲು ಕಾಯುವುದು ಹೊಳೆಯ ನಡುಗಡ್ಡೆಗಳ ಬಂಡೆಸಂದಿಗಳಲ್ಲಿ, ಆಪಿನ (ಜೊಂಡುಹುಲ್ಲಿನ) ಪೊದೆಗಳಲ್ಲಿ. ನಡುಹೊಳೆಯಲ್ಲಿ ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದು, ದಡದ ಮರಳು ಎತ್ತುವುದು, ರಾತ್ರಿಯಿಡೀ ದೀಪ ಉರಿಸುವ ಕಟ್ಟಡಗಳು ದಂಡೆಗೆ ಬರುವುದು ಇವೆಲ್ಲವೂ ಅವುಗಳನ್ನು ಓಡಿಸುತ್ತವೆ.

ಗುಡ್ಡಗಳ ಕಥೆಯೂ ಹೀಗೆಯೇ. ಈ ಬಂಡೆಗುಡ್ಡಗಳ ಕರಡಿಗಳಿಗಾಗಿಯೇ 1994ರಲ್ಲಿ ದರೋಜಿ ಕರಡಿಧಾಮ ಆಯಿತು. ಆದರೆ ಕರಡಿಗೆ, ಚಿರತೆಗೆ ಧಾಮದ ಗಡಿ ಗೊತ್ತಿಲ್ಲ. ಹೊಳೆಯ ಈಚೆ ದಡದ ಗುಡ್ಡಗಳಲ್ಲೂ ಅವು ಇವೆ, ಆನೆಗೊಂದಿ ಭಾಗದಲ್ಲಿ ಚಿರತೆಯ ಭಯ ಎಷ್ಟಿದೆ ಎಂದು ಅಲ್ಲಿಯವರನ್ನು ಕೇಳಬಹುದು. ಪುರಾತತ್ವದವರು ಸ್ಮಾರಕದಿಂದ ಎಷ್ಟು ಮೀಟರ್ ಎಂದು ಅಳೆಯುತ್ತಾರೆ, ಅರಣ್ಯದವರು ಮೀಸಲು ಗಡಿಯಿಂದ ಅಳೆಯುತ್ತಾರೆ, ನೀರಾವರಿಯವರು ಕಾಲುವೆಯ ಏರಿಯಿಂದ ಅಳೆಯುತ್ತಾರೆ. ಈ ಮೂರೂ ಅಳತೆಗಳ ನಡುವೆ ಯಾರಿಗೂ ಸೇರದ ಒಂದಷ್ಟು ನೆಲ ಉಳಿಯುತ್ತದೆ. ಬಂಡೆ ಒಡೆಯುವುದೂ, ನಿಲುಗಡೆಗಾಗಿ ಮಣ್ಣು ತುಂಬುವುದೂ ಸರಿಯಾಗಿ ಅಲ್ಲಿಯೇ ನಡೆಯುತ್ತದೆ. ಒನಕೆ ಕಿಂಡಿಯ ಇತಿಹಾಸಪೂರ್ವ ಬಂಡೆಚಿತ್ರಗಳಂಥವು ಇರುವುದೂ ಗೋಪುರಗಳಿಂದ ದೂರದ ಇಂಥ ಗುಡ್ಡಗಳ ನಡುವೆಯೇ.

ಇಂಜಿನಿಯರ್ ಅವರು ಹೇಳಿದ ಶೌಚಾಲಯದ ಮಾತಿಗೆ ಸೇರಿಸುವುದಾದರೆ, ಜಾತ್ರೆಯ ಮರುದಿನ ಬೆಟ್ಟದ ಬುಡದ ಕಾಲುವೆಗಳನ್ನು ನೋಡಿ. ಪ್ಲಾಸ್ಟಿಕ್ ಲೋಟ, ಎಲೆ, ಮಾಲೆ, ಬಿಟ್ಟ ಬಟ್ಟೆ ಗದ್ದೆಯ ತೂಬಿಗೆ ಸಿಕ್ಕಿಕೊಂಡಿರುತ್ತವೆ. ಒಳಚರಂಡಿ, ಕಸ ವಿಲೇವಾರಿಯೂ ಮೂಲಸೌಕರ್ಯವೇ. ಅವುಗಳಿಗೆ ಉದ್ಘಾಟನೆಯ ಕಲ್ಲು ಹಾಕಿಸಿಕೊಳ್ಳಲು ಯಾರೂ ಮುಂದೆ ಬರುವುದಿಲ್ಲ ಅಷ್ಟೇ.

---

ಉತ್ತರ 5
ಬರೆದವರು: ಕಾನೂನು ಓದಿದವನು

ಯಾರ ಮುಂದೆ, ಯಾವ ಹಂತದಲ್ಲಿ ಎಂಬ ಪ್ರಶ್ನೆಗೆ ಉತ್ತರಿಸಲು ಯತ್ನಿಸುತ್ತೇನೆ. ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರ್‌ನಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ಅನುಮತಿ. ಸಾರ್ವಜನಿಕ ಕಾಮಗಾರಿಗಳಿಗೆ ನಿಷಿದ್ಧ ವಲಯದಲ್ಲೂ ಅವಕಾಶ ಕೊಡುವ ಮಸೂದೆಯೊಂದು 2018ರ ಜನವರಿಯಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಗಿ, ರಾಜ್ಯಸಭೆಯಲ್ಲಿ ಆಯ್ಕೆ ಸಮಿತಿಗೆ ಹೋಯಿತು. 2019ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಆ ಮಸೂದೆ ಬಿದ್ದುಹೋಯಿತು.

ಆದರೆ ಅಂಜನಾದ್ರಿಯಂಥ ಜಾಗಕ್ಕೆ ಮೀಟರ್ ಲೆಕ್ಕಕ್ಕಿಂತ 2002ರ ರಾಜ್ಯ ಕಾಯಿದೆಯೇ ಹೆಚ್ಚು ಪ್ರಸ್ತುತ. ಅದರಡಿ 29 ಗ್ರಾಮಗಳನ್ನು ಒಳಗೊಂಡ ಪ್ರದೇಶಕ್ಕೆ ಒಂದೇ ಯೋಜನಾ ಪ್ರಾಧಿಕಾರವಿದೆ. ಅದಕ್ಕೆ ಮಹಾಯೋಜನೆ ಇರಬೇಕು. ಮಹಾಯೋಜನೆಯ ಕರಡಿಗೆ, ಅದರ ಪರಿಷ್ಕರಣೆಗೆ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಊರಿನವರ ಮಾತಿಗೆ ನಿಜವಾದ ಬೆಲೆ ಇರುವುದು ಆ ಹಂತದಲ್ಲಿ. ದುರದೃಷ್ಟವೆಂದರೆ ಆ ಪ್ರಕಟಣೆಯನ್ನು ಓದುವವರು ವಿರಳ, ಆಕ್ಷೇಪಣೆ ಬರೆಯುವವರು ಇನ್ನೂ ವಿರಳ. ಕಟ್ಟಡ ಬಿದ್ದಾಗ ಸೇರುವ ಜನ ಕರಡು ನಕ್ಷೆ ಬಂದಾಗ ಸೇರುವುದಿಲ್ಲ.

ಇನ್ನೊಂದು ದಾರಿಯೂ ಇದೆ. ವಿಶ್ವ ಪರಂಪರೆ ಒಪ್ಪಂದದ ಕಾರ್ಯಸೂಚಿಯ 172ನೇ ಪರಿಚ್ಛೇದದ ಪ್ರಕಾರ, ತಾಣದ ಮೌಲ್ಯಕ್ಕೆ ಧಕ್ಕೆ ತರಬಹುದಾದ ದೊಡ್ಡ ಕಾಮಗಾರಿಗಳ ವಿಷಯವನ್ನು ಹಿಂದೆಗೆಯಲಾಗದ ತೀರ್ಮಾನ ಕೈಗೊಳ್ಳುವ ಮೊದಲೇ ವಿಶ್ವ ಪರಂಪರೆ ಸಮಿತಿಗೆ ತಿಳಿಸಬೇಕೆಂದು ಸದಸ್ಯ ದೇಶಗಳನ್ನು ಕೋರಲಾಗಿದೆ. ಹಾಗಾಗಿ ಪರಂಪರೆಯ ಮೇಲಿನ ಪರಿಣಾಮದ ಅಧ್ಯಯನ ನಡೆದಿದೆಯೇ, ನಡೆದಿದ್ದರೆ ಟೆಂಡರಿಗೆ ಮುಂಚೆಯೋ ನಂತರವೋ ಎಂದು ಮಾಹಿತಿ ಹಕ್ಕಿನಡಿ ಕೇಳುವುದು ನ್ಯಾಯವಾದ ಪ್ರಶ್ನೆ. ಕಡ್ಡಿರಾಂಪುರದವರು ಹೇಳಿದಂತೆ ಗಡಿಯ ನಕ್ಷೆಯನ್ನು ಪಂಚಾಯಿತಿಯಲ್ಲಿ ಅಂಟಿಸಲು ಯಾವ ಹೊಸ ಕಾಯಿದೆಯೂ ಬೇಕಿಲ್ಲ.

---

ಮರುಮಾತು
ಬರೆದವರು: ಗಂಗಾವತಿ ಸೀಮೆಯವನು

ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರ ಮಾತಿಗೆ ಒಂದು ಸಣ್ಣ ತಕರಾರು. ಆ ಸೇತುವೆ ನಿಂತು ಹೋದ ವರ್ಷಗಳಲ್ಲಿ ಹರಿಗೋಲೇ ನಮ್ಮ ಬಸ್ಸಾಗಿತ್ತು. ಅಣೆಕಟ್ಟಿನಿಂದ ನೀರು ಬಿಟ್ಟು, ಹಂಪಿಯ ಪುರಂದರ ಮಂಟಪ ಮುಳುಗಿತೆಂದರೆ ಹರಿಗೋಲು ಬಂದ್. ಕಣ್ಣಿಗೆ ಕಾಣುವ ಆಚೆ ದಡದ ಆಸ್ಪತ್ರೆಗೆ, ಕಾಲೇಜಿಗೆ ಬಹುದೂರ ಸುತ್ತಿಕೊಂಡು ಹೋಗಬೇಕಿತ್ತು. ತಡೆದದ್ದು ಸರಿ ಎನ್ನುವವರು ಅದರ ಬೆಲೆ ತೆತ್ತವರು ಯಾರೆಂಬುದನ್ನೂ ಜೊತೆಯಲ್ಲೇ ಹೇಳಬೇಕು. ತಡೆಯುವ ಆದೇಶದ ಜೊತೆಗೇ ಪರ್ಯಾಯ ಸೇತುವೆಯ ಆದೇಶವೂ ಬಂದಿದ್ದರೆ ಇಂದು ಊರಿನಲ್ಲಿ ಪರಂಪರೆ ಎಂಬ ಮಾತಿಗೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ.

ಗ್ರಾಮಸಭೆಯಲ್ಲಿ ಇಡಲು ಒಂದು ಅರ್ಜಿ ಬರೆಯಬೇಕೆಂದಿದ್ದೇನೆ. ಅದರಲ್ಲಿ ಏನನ್ನು ಕೇಳಿದರೆ ಅಧಿಕಾರಿಗಳು ಹಾರಿಕೆಯ ಉತ್ತರ ಕೊಡಲಾಗುವುದಿಲ್ಲ?

---

ಉತ್ತರ
ಬರೆದವರು: ರಸ್ತೆ-ಸೇತುವೆ ಇಂಜಿನಿಯರ್, ಹುಬ್ಬಳ್ಳಿ

ನಿಮ್ಮ ತಕರಾರು ನ್ಯಾಯವಾದದ್ದು. ಅರ್ಜಿಯಲ್ಲಿ ಅಭಿವೃದ್ಧಿ ಬೇಕು, ಪರಂಪರೆಯೂ ಉಳಿಯಬೇಕು ಎಂಬಂಥ ವಾಕ್ಯಗಳನ್ನು ಬರೆಯಬೇಡಿ. ಅದಕ್ಕೆ ಹೌದು ಎನ್ನುವುದು ಎಲ್ಲರಿಗೂ ಸುಲಭ. ಕಾಗದಪತ್ರಗಳನ್ನು ಹೆಸರಿಸಿ ಕೇಳಿ. ರೋಪ್‌ವೇ ಮತ್ತು ನಿಲುಗಡೆಯ ಜಾಗದ ಸರ್ವೆ ನಂಬರುಗಳು, ಪ್ರಾಧಿಕಾರದ ವಲಯ ನಕ್ಷೆಯಲ್ಲಿ ಅವು ಯಾವ ಬಣ್ಣದಲ್ಲಿವೆ ಎಂಬ ದೃಢೀಕೃತ ಪ್ರತಿ, ಪರಿಶೀಲಿಸಿ ಕೈಬಿಟ್ಟ ಪರ್ಯಾಯ ಜಾಗಗಳ ಪಟ್ಟಿ ಮತ್ತು ಕೈಬಿಟ್ಟ ಕಾರಣ, ಗಂಟೆಗೆ ಮೇಲೆ ಹೋಗುವ ಜನರ ಅಂದಾಜು ಸಂಖ್ಯೆ, ಬೆಟ್ಟದ ಮೇಲಿನ ಮತ್ತು ಬುಡದ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂಬುದರ ನಕ್ಷೆ. ಪರ್ಯಾಯಗಳ ಪಟ್ಟಿಯ ಮೇಲೆ ಹೆಚ್ಚು ಒತ್ತು ಕೊಡಿ. ಅದು ಖಾಲಿಯಾಗಿದ್ದರೆ ಜಾಗದ ತೀರ್ಮಾನ ಎಲ್ಲಿ, ಹೇಗೆ ಆಯಿತೆಂಬುದು ಗ್ರಾಮಸಭೆಗೆ ತಾನಾಗಿಯೇ ತಿಳಿಯುತ್ತದೆ. ಟೆಂಡರು ಕರೆಯುವ ಮೊದಲೇ ಅರ್ಜಿ ಕೊಟ್ಟು, ಠರಾವಿನ ನಕಲಿಗೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಇಟ್ಟುಕೊಳ್ಳಿ.